ಜಾತ್ರೆ ಸೀಸನ್: ಸ್ಟೇಜ್ ಕೀಬೋರ್ಡ್, ಟೋನ್, ಹಾಡಿನ ಪಟ್ಟಿ (ಮಾಸ್ತರಿಗೆ ಪ್ರಶ್ನೆಗಳು)

ಅಡ್ಮಿನ್: ಎಲ್ಲರಿಗೂ ನಮಸ್ಕಾರ್ರೀ. ಬನಶಂಕರಿ ಜಾತ್ರೆ, ವಿಜಯಪುರದ ಸಿದ್ಧೇಶ್ವರ ಜಾತ್ರೆ ಹತ್ತಿರ ಬಂದವು. ಆಮೇಲೆ ಊರೂರಿಗೆ ರಸಮಂಜರಿ. ಬೆಳಗಾವಿಯ ನಮ್ಮ ಕೀಬೋರ್ಡ್ ಮಾಸ್ತರು ಇವತ್ತು ಸಂಜೆ ತನಕ ಗ್ರೂಪಿನಲ್ಲಿ ಇರುತ್ತಾರೆ. ಸ್ಟೇಜ್ ಸೆಟ್ಟಿಂಗ್ ಬಗ್ಗೆ ಏನಿದ್ದರೂ ಕೇಳಿ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಇಂಡಿ ಹುಡುಗ: ಸರ್, 30 ಸಾವಿರದೊಳಗೆ ಸ್ಟೇಜಿಗೆ ಯಾವ ಕೀಬೋರ್ಡ್ ತಗೋಬೇಕು?

ಮಾಸ್ತರ: ಒಬ್ಬರೇ ಹೋಗಿ ರಿದಮ್ ಸಮೇತ ನುಡಿಸುತ್ತೀರಾದರೆ ಸ್ಟೈಲ್ (ತಾನೇ ನುಡಿಯುವ ರಿದಮ್) ಇರುವ ಅರೇಂಜರ್ ಕೀಬೋರ್ಡ್ ಬೇಕು. ತಂಡದಲ್ಲಿ ಢೋಲಕ್, ಪ್ಯಾಡ್ ಇದ್ದರೆ ಸ್ಟೈಲ್‌ಗೆ ದುಡ್ಡು ಹಾಕಬೇಡಿ. ಟೋನ್ ಬೇಗ ಬದಲಾಗುವ ಸಿಂಥಸೈಜರ್ ನೋಡಿ. ಅಂಗಡಿಯಲ್ಲೇ ಕೂತು ಒಂದು ಹಾಡಿನಲ್ಲಿ ಮೂರು ಸಲ ಟೋನ್ ಬದಲಿಸಿ. ಕೈ ತಡವರಿಸಿದರೆ ಅದನ್ನು ಬಿಟ್ಟು ಬನ್ನಿ.

ಜಮಖಂಡಿ ಕೀಬೋರ್ಡ್: ಮಾಸ್ತರೇ, ನನ್ನದು ಯಮಹಾ ಎಸ್ಎಕ್ಸ್900. ಹೋದ ವಾರ ಸ್ಟೇಜ್ ಮೇಲೆ ಮರ್ಯಾದೆ ಹೋಯಿತು. ಗಾಯಕಿ ಕಾಳಿ ಎರಡರಲ್ಲಿ (ಎರಡನೇ ಕಪ್ಪು ಕೀಯ ಸ್ಕೇಲ್) ಹಾಡುತ್ತಿದ್ದರು. ಪಲ್ಲವಿ ಹಾರ್ಮೋನಿಯಂ ಟೋನ್‌ನಲ್ಲಿ ಚೆನ್ನಾಗಿಯೇ ಹೋಯಿತು. ಚರಣಕ್ಕೆ ಸ್ಟ್ರಿಂಗ್ಸ್ ಬಟನ್ ಒತ್ತಿದೆ ನೋಡಿ, ಸ್ಕೇಲೇ ಬದಲಾಯಿತು. ಆಕೆ ಒಂದು ಕಡೆ, ನಾನೊಂದು ಕಡೆ. ಮಷೀನ್ ಕೆಟ್ಟಿದೆಯಾ?

ಮಾಸ್ತರ: ನೀನು ಬಿಳಿ ಒಂದರಿಂದಲೇ ಬೆರಳಿಟ್ಟು, ಟ್ರಾನ್ಸ್‌ಪೋಸ್ +3 ಮಾಡಿ, ಅಂದರೆ ಮಷೀನಿನಲ್ಲೇ ಸ್ಕೇಲ್ ಮೂರು ಕೀ ಏರಿಸಿಕೊಂಡು ನುಡಿಸುತ್ತೀಯಾ?

ಜಮಖಂಡಿ ಕೀಬೋರ್ಡ್: ಹೌದ್ರಿ.

ಮಾಸ್ತರ: ಹಾಗಾದರೆ ಮಷೀನ್ ಸರಿ ಇದೆ ತಮ್ಮಾ. ನೀನು ಒತ್ತಿದ್ದು ರಿಜಿಸ್ಟ್ರೇಷನ್ ಬಟನ್, ಸೆಟ್ಟಿಂಗ್ ಸೇವ್ ಮಾಡಿಡೋದು. ಅದು ಬರೀ ಟೋನ್ ನೆನಪಿಡೋದಿಲ್ಲ. ಸ್ಟೈಲ್, ಟೆಂಪೋ, ಟ್ರಾನ್ಸ್‌ಪೋಸ್ ಎಲ್ಲಾ ನೆನಪಿಡುತ್ತದೆ. ಮನೆಯಲ್ಲಿ ಸ್ಟ್ರಿಂಗ್ಸ್ ಸೇವ್ ಮಾಡುವಾಗ ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿತ್ತು. ಸ್ಟೇಜ್ ಮೇಲೆ ಬಟನ್ ಒತ್ತಿದ ಕೂಡಲೇ ಅದು ನಿಯತ್ತಾಗಿ ಸೊನ್ನೆಗೆ ಹೋಯಿತು. ಸೇವ್ ಮಾಡುವ ಕಿಟಕಿಯಲ್ಲಿ ಟ್ರಾನ್ಸ್‌ಪೋಸ್ ಮುಂದಿನ ಟಿಕ್ ತೆಗೆ. ಈಗಾಗಲೇ ನೂರು ಸೇವ್ ಆಗಿದ್ದರೆ ಫ್ರೀಜ್‌ನಲ್ಲಿ ಟ್ರಾನ್ಸ್‌ಪೋಸ್ ಆರಿಸಿ, ಫ್ರೀಜ್ ಬಟನ್ ಆನ್ ಇಟ್ಟುಕೋ. ಯಾವ ಬಟನ್ ಒತ್ತಿದರೂ ಸ್ಕೇಲ್ ಅಲುಗಾಡೋದಿಲ್ಲ.

ನೀನು ಹಾಕಿದ ಫೋಟೋದಲ್ಲಿ ಇನ್ನೊಂದು ನೋಡಿದೆ. ಬ್ಯಾಂಕಿಗೆ (ಆ ಹತ್ತು ಬಟನ್ನಿನ ಒಂದು ಸೆಟ್) ‘ಜಾತ್ರೆ 1’, ‘ಜಾತ್ರೆ 2’ ಅಂತ ಹೆಸರು. ಹತ್ತು ಬಟನ್ನಿಗೆ ಹತ್ತು ಹಾಡು, ಅದೂ ಪಟ್ಟಿಯ ಸಾಲಿನಲ್ಲೇ. ನಮ್ಮ ಕಡೆ ಪಟ್ಟಿ ಬರೆಯೋರು ನಾವಾ? ಮೂರನೇ ಹಾಡಿಗೆ ಕಮಿಟಿಯಿಂದ ಚೀಟಿ ಬರುತ್ತದೆ, ‘ಅಧ್ಯಕ್ಷರ ಇಷ್ಟದ ಹಾಡು’ ಅಂತ. ಅಲ್ಲಿಗೆ ನಿನ್ನ ಸಾಲು ಮುಗಿಯಿತು. ಹಾಡಿಗೊಂದು ಬ್ಯಾಂಕ್ ಮಾಡು, ಹಾಡಿನ ಮೊದಲ ಪದವೇ ಅದರ ಹೆಸರು. 1ನೇ ಬಟನ್ ಆರಂಭದ ಬಿಜಿಎಂ, 2 ಪಲ್ಲವಿ, 3 ನಡುವಿನ ಬಿಜಿಎಂ, 4 ಚರಣ. 8 ಹಾರ್ಮೋನಿಯಂ, 9 ಸ್ಟ್ರಿಂಗ್ಸ್, 10 ಪಿಯಾನೋ, ಈ ಮೂರು ಎಲ್ಲಾ ಬ್ಯಾಂಕಿನಲ್ಲೂ ಅಲ್ಲೇ ಇರಲಿ. ಗೊತ್ತಿಲ್ಲದ ಹಾಡು ಬಂದರೆ ಕತ್ತಲಲ್ಲೂ ಕೈ ಅಲ್ಲಿಗೇ ಹೋಗಬೇಕು. ಸಾಲು ಪ್ಲೇಲಿಸ್ಟ್‌ನಲ್ಲಿ ಇಡು. ಅಲ್ಲಿ ಮೇಲೆ ಕೆಳಗೆ ಮಾಡಿದರೆ ಟೋನ್‌ಗಳಿಗೆ ಏನೂ ಆಗೋದಿಲ್ಲ.

ಮತ್ತೆ ಕಾಗದ. ಹಾಡು, ಯಾರು ಹಾಡೋದು, ಸ್ಕೇಲ್, ಟೆಂಪೋ, ಮೊದಲ ಟೋನ್. ದಪ್ಪ ಮಾರ್ಕರ್‌ನಲ್ಲಿ ಬರಿ. ಮೊಬೈಲ್ ನೋಡ್ಕೊಂಡು ನುಡಿಸೋರಿಗೆ ಸರಿಯಾಗಿ ಹಾಡಿನ ನಡುವೆಯೇ ಮಾವನ ಫೋನ್ ಬರುತ್ತದೆ.

ಅಥಣಿ ಆರ್ಕೆಸ್ಟ್ರಾ: ಎರಡು ಕೀಬೋರ್ಡ್‌ಗೆ ಮಿಡಿ ಕೇಬಲ್ ಹಾಕಿದ್ದೇನೆ ಸರ್. ಟೋನ್ ಬದಲಿಸೋಕೆ ಮೇಲಿನದರಿಂದ ಪ್ರೋಗ್ರಾಂ ನಂಬರ್ 7 ಕಳಿಸಿದರೆ ಕೆಳಗಿನದು 8 ತೆರೆಯುತ್ತದೆ. ಯಾವಾಗಲೂ ಒಂದು ಮುಂದೆ.

ಮಾಸ್ತರ: ಒಂದು 0ಯಿಂದ 127 ಎಣಿಸುತ್ತದೆ, ಇನ್ನೊಂದು 1ರಿಂದ 128. ಒಂದು ಕಡಿಮೆ ಕಳಿಸಿ, ಅಷ್ಟೇ. ನಂಬರ್ ಸರಿ ಇದ್ದೂ ಬೇರೆ ಗುಂಪಿನ ಟೋನ್ ಬಂದರೆ ಬ್ಯಾಂಕ್ ಸೆಲೆಕ್ಟ್ (ಯಾವ ಗುಂಪು ಅಂತ ಹೇಳುವ ಸಂದೇಶ) ಹೋಗುತ್ತಿಲ್ಲ. ಅದು ಪ್ರೋಗ್ರಾಂ ನಂಬರಿಗಿಂತ ಮೊದಲು ಹೋಗಬೇಕು.

ಬಾದಾಮಿ ಅಣ್ಣ: ಸಸ್ಟೇನ್ ಪೆಡಲ್ ಉಲ್ಟಾ ಕೆಲಸ ಮಾಡ್ತದೆ. ಒತ್ತಿದರೆ ನಿಲ್ಲುತ್ತೆ, ಬಿಟ್ಟರೆ ಎಳೆಯುತ್ತೆ.

ಮಾಸ್ತರ: ಕಂಪನಿ ಬೇರೆ ಬೇರೆ ಇರಬೇಕು. ಕೀಬೋರ್ಡ್ ಆಫ್ ಮಾಡಿ, ಪೆಡಲ್ ಚುಚ್ಚಿ, ಕಾಲು ತೆಗೆದು ಆನ್ ಮಾಡಿ. ಸರಿಯಾಗದಿದ್ದರೆ ಮೆನುವಿನಲ್ಲಿ ಪೋಲಾರಿಟಿ ತಿರುಗಿಸಿ.

ಮುದ್ದೇಬಿಹಾಳ: 30 ಸಾವಿರದೊಳಗೆ ಯಾವ ಕೀಬೋರ್ಡ್ ಚಲೋ ಸರ್?

ಮಾಸ್ತರ: ಮೇಲೆ ಉತ್ತರ ಇದೆ.

ಹುನಗುಂದ ಕಾಕಾ: ನಾಲ್ಕು ಕೀ ಒಮ್ಮೆ ಬಡಿದರೆ ಕಿರಚ್ತಾವೆ, ಒಮ್ಮೆ ಮೂಕ. ಸಂದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಸರಿ ಆಗ್ತದೆ ಅಂತ ಇನ್ನೊಂದು ಗ್ರೂಪಿನಲ್ಲಿ ಬಂದಿದೆ. ಖರೇನಾ?

ಮಾಸ್ತರ: ಎಣ್ಣೆ ತಲೆಗೆ ಹಚ್ಚಿಕೊಳ್ಳಿ ಕಾಕಾ. ಕೀ ಕೆಳಗೆ ರಬ್ಬರ್ ಗುಂಡಿ ಇರುತ್ತದೆ, ಅದರ ತಳದಲ್ಲಿ ಕಾರ್ಬನ್. ಅಲ್ಲಿ ಧೂಳು ಕೂತಿದೆ. ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಮುಗೀತು. ಎಣ್ಣೆ ಹೋದರೆ ನಾಲ್ಕು ಕೀ ಬದಲು ನಲವತ್ತು ಕೆಡುತ್ತವೆ.

ಸವದತ್ತಿ ಗಾಯಕಿ: ಅಣ್ಣಾರೇ, ನಾನು ಹಾಡುತ್ತಲೇ ಕೀಬೋರ್ಡ್ ನುಡಿಸುತ್ತೇನೆ. ಇಲ್ಲಿ ಪೆಂಡಾಲಿನಲ್ಲಿ ಟೆಸ್ಟಿಂಗ್ ಮಾಡುವಾಗ ಕೀಬೋರ್ಡ್ ಜ್ಯಾಕ್ ಮೇಲೆ ಕೈ ಇದ್ದು ತುಟಿ ಮೈಕಿಗೆ ತಾಗಿದರೆ ಚುರ್ ಅಂತ ಹೊಡೆಯುತ್ತದೆ. ಕೈ ತೆಗೆದರೆ ಏನೂ ಇಲ್ಲ. ಸೌಂಡಿನವರು ಮೈಕಿಗೆ ಸ್ಪಂಜ್ ಹಾಕಿ ಅಂದರು. ರಾತ್ರಿ 9ಕ್ಕೆ ಪ್ರೋಗ್ರಾಂ.

ಮಾಸ್ತರ: ತಂಗಿ, ಮೊದಲು ಮೈಕ್ ಕೆಳಗಿಡು. ಉಳಿದವರು ಸ್ವಲ್ಪ ತಡೀರಿ. ಕೀಬೋರ್ಡ್ ಎಲ್ಲಿಗೆ ಹೋಗಿದೆ? ಕರೆಂಟ್ ಎಲ್ಲಿಂದ?

ಸವದತ್ತಿ ಗಾಯಕಿ: ನನ್ನ ಸ್ವಂತ ಆ್ಯಂಪ್‌ಗೆ. ಆ್ಯಂಪ್ ಮುಂದೆ ಒಂದು ಮೈಕ್ ಇಟ್ಟಿದ್ದಾರೆ. ಆ್ಯಂಪ್‌ನ ಕರೆಂಟ್ ಲೈಟಿಂಗ್ ಬೋರ್ಡಿನಿಂದ. ಮಿಕ್ಸರ್ ಆ ಕಡೆ ಬೇರೆ ಬೋರ್ಡ್. ಎಲ್ಲಾ ಜನರೇಟರ್ ಮೇಲೆ.

ಗೋಕಾಕ ಸೌಂಡ್ಸ್: ಫಾರ್ವರ್ಡ್ ಬಂದಿದೆ ನೋಡಿ: ‘ಹಮ್ (ಗುಂಯ್ ಸದ್ದು) ಅಥವಾ ಶಾಕ್ ಬಂದರೆ ಪ್ಲಗ್ಗಿನ ದಪ್ಪ ಪಿನ್ ಮುರಿಯಿರಿ, 100% ಪರಿಹಾರ.’ ನಾನೂ ಮಾಡಿದ್ದೇನೆ.

ಮಾಸ್ತರ: ಅದನ್ನು ಈಗಲೇ ಡಿಲೀಟ್ ಮಾಡಿ. ಅಡ್ಮಿನ್ನರೇ, ಇದು ಉಳಿಯಬಾರದು. ಆ ದಪ್ಪ ಪಿನ್ನೇ ಅರ್ಥಿಂಗ್. ಮುರಿದರೆ ಹಮ್ ಹೋಗಬಹುದು. ಒಳಗೆ ವೈರ್ ಬಾಡಿಗೆ ತಾಗಿದ ದಿನ ಕರೆಂಟಿಗೆ ಹೋಗಲು ಮನುಷ್ಯನ ಮೈ ಒಂದೇ ದಾರಿ ಉಳಿಯುತ್ತದೆ.

ತಂಗಿ, ಕೇಳು. ಎರಡು ಪಿನ್ನಿನ ಅಡಾಪ್ಟರ್‌ನಿಂದ ಇರುವೆ ಹರಿದ ಹಾಗೆ ಜುಮ್ ಅನ್ನೋದು ಉಂಟು, ಅದು ಸಣ್ಣ ಲೀಕ್. ಚುರ್ ಅಂತ ಹೊಡೆಯೋದು ಬೇರೆ. ಇಲ್ಲಿ ಕೂತು ಯಾವುದು ಅಂತ ಹೇಳೋಕಾಗಲ್ಲ, ದೊಡ್ಡದೇ ಅಂತ ತಿಳಿದು ನಡೆ. ಮೈಕಿನ ಲೋಹದ ಬಾಡಿ ಕೇಬಲ್ ಮೂಲಕ ಮಿಕ್ಸರ್ ಅರ್ಥಿಗೆ ಕೂಡಿದೆ. ನಿನ್ನ ಜ್ಯಾಕ್ ಆ್ಯಂಪ್‌ನ ಬಾಡಿಗೆ ಕೂಡಿದೆ. ಆ್ಯಂಪ್‌ನ ಅರ್ಥ್ ಎಲ್ಲೋ ಕಡಿದಿದೆ, ಆ ಬಾಡಿ ಕರೆಂಟ್ ಹಿಡಿದು ಕೂತಿದೆ. ನಡುವೆ ಸೇತುವೆ ನೀನು. ಕೈಯಿಂದ ತುಟಿಗೆ, ನಡುವೆ ಎದೆ.

ಸ್ಪಂಜ್ ಮಾತು ಬಿಡು. ಉಸಿರಿಗೆ, ಉಗುಳಿಗೆ ಅದು ಒದ್ದೆ ಆಗುತ್ತದೆ. ಮೈಕ್ ಹಿಡಿಯೋದೂ ಕೈಯಲ್ಲೇ ಅಲ್ವಾ?

ಜನರೇಟರ್ ಆಫ್ ಮಾಡಿಸು. ವೈರ್‌ಮನ್ ಬೇಕು, ಸೌಂಡಿನ ಹುಡುಗ ಸಾಲದು. ಲೈಟಿಂಗಿನವರ ಎಕ್ಸ್‌ಟೆನ್ಷನ್ ಬಾಕ್ಸ್ ಬಿಚ್ಚಿ ಹಸಿರು ವೈರ್ ಇದೆಯಾ ನೋಡಲಿ. ಬಹಳ ಬಾಕ್ಸ್‌ಗಳಲ್ಲಿ ಮೂರು ತೂತು ಇರುತ್ತವೆ, ವೈರ್ ಎರಡೇ. ಜನರೇಟರ್ ಹತ್ತಿರ ಅರ್ಥ್ ರಾಡ್ ಹಸಿ ನೆಲದಲ್ಲಿ ಹೂತಿದೆಯಾ ನೋಡಲಿ. ಆ್ಯಂಪ್, ಮಿಕ್ಸರ್ ಎರಡೂ ಒಂದೇ ಬೋರ್ಡಿಗೆ, ಒಂದೇ ಫೇಸಿಗೆ ಬರಲಿ. ಬೋರ್ಡಿಗೆ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ (ಲೀಕ್ ಆದರೆ ಕರೆಂಟ್ ಕಡಿಯುವ ಸ್ವಿಚ್) ಹಾಕಿಸು. ಇದೆಲ್ಲಾ ಆಗೋವರೆಗೆ ಆ್ಯಂಪ್, ಕೀಬೋರ್ಡ್ ಮುಟ್ಟಬೇಡ. ವೈರ್‌ಮನ್ ಸಿಗಲೇ ಇಲ್ಲಾಂದ್ರೆ ಕಾರ್ಡ್‌ಲೆಸ್ ಮೈಕ್ ಹಿಡಿದು ಬರೀ ಹಾಡು, ಕೀಬೋರ್ಡ್ ಇವತ್ತು ಬೇಡ.

ಅಥಣಿ ಆರ್ಕೆಸ್ಟ್ರಾ: ಕೀಬೋರ್ಡ್ ಸೆಲ್ ಮೇಲೆ ನಡೆಸಿದರೆ? ಜೂನೋ ಡಿಎಸ್61 ಎಂಟು ಸೆಲ್‌ನಲ್ಲಿ ನಡೆಯುತ್ತದೆ.

ಮಾಸ್ತರ: ಜ್ಯಾಕ್ ಅದೇ ಆ್ಯಂಪ್‌ಗೆ ತಾನೇ ಹೋಗೋದು? ಅಪಾಯ ಹಾಗೇ ಇದೆ.

ಗೋಕಾಕ ಸೌಂಡ್ಸ್: ಹನ್ನೆರಡು ವರ್ಷದಿಂದ ಪಿನ್ ಇಲ್ಲದೇ ನಡೆಸಿದ್ದೇನೆ, ಯಾರೂ ಸತ್ತಿಲ್ಲ. ಸುಮ್ನೆ ಹೆದರಿಸ್ತಾರೆ.

ಮಾಸ್ತರ: ನಿಮ್ಮ ಸಿಸ್ಟಮ್ ಇದ್ದ ಕಡೆ ನಾನು ಬರೋದಿಲ್ಲ.

ರಾಯಬಾಗ ಲ್ಯಾಪ್‌ಟಾಪ್: ಲ್ಯಾಪ್‌ಟಾಪ್ ಟೋನ್ ತಡವಾಗಿ ಬರುತ್ತೆ. ಬಫರ್ (ಸೌಂಡ್ ಕೂಡಿಟ್ಟು ಕಳಿಸುವ ಅಳತೆ) 512 ಇದೆ.

ಮಾಸ್ತರ: 44.1 ಕಿಲೋಹರ್ಟ್ಸ್‌ನಲ್ಲಿ 512 ಅಂದರೆ ಬಫರ್ ಒಂದರಲ್ಲೇ 11 ಮಿಲಿಸೆಕೆಂಡ್ ಮೇಲೆ ತಡ. 128ಕ್ಕೆ ಇಳಿಸಿ. ಕರಕರ ಅಂದರೆ 256.

ಮುಧೋಳ ಢೋಲಕ್: ಲ್ಯಾಪ್‌ಟಾಪ್ ಬಂದು ನಮ್ಮ ಹೊಟ್ಟೆ ಮೇಲೆ ಹೊಡೆಯಿತು. ಲೂಪ್ ಹಚ್ಚಿ ಕೈ ಆಡಿಸ್ತಾರೆ, ಇಬ್ಬರ ಪಗಾರ ಒಬ್ಬರಿಗೆ.

ರಾಯಬಾಗ ಲ್ಯಾಪ್‌ಟಾಪ್: ಕಮಿಟಿಯವರು ದುಡ್ಡು ಕಡಿಮೆ ಕೊಟ್ಟರೆ ನಾನೇನು ಮಾಡಲಿ? ನಿಮ್ಮ ಢೋಲಕ್ ಅರ್ಧ ಗಂಟೆಗೊಮ್ಮೆ ಶ್ರುತಿ ಇಳಿಯುತ್ತೆ.

ಮುಧೋಳ ಢೋಲಕ್: ಇಳಿದರೆ ಏರಿಸ್ತೀನಿ. ಕರೆಂಟ್ ಹೋದರೆ ನಿಂದು ಏನು ಏರಿಸ್ತೀ? ಆವತ್ತು ಹತ್ತು ನಿಮಿಷ ಜನ ಕೂಗಾಡಿದಾಗ ಹಿಡಿದು ನಿಲ್ಲಿಸಿದ್ದು ಇದೇ ಢೋಲಕ್.

ಬಾದಾಮಿ ಅಣ್ಣ: ಖರೇ ಹೇಳಿದಿರಿ.

ರಾಯಬಾಗ ಲ್ಯಾಪ್‌ಟಾಪ್: ಅಣ್ಣಾ, ನಿನಗೆ ಪೆಡಲ್ ಉಲ್ಟಾ ತಿರುಗಿಸೋಕೆ ಬರಲಿಲ್ಲ, ನೀನು ಮಾತಾಡ್ತೀಯಾ?

ತಾಳಿಕೋಟೆ: ಪೆನ್‌ಡ್ರೈವ್ ಸ್ಟೇಜ್ ಮೇಲೆ ಓಪನ್ ಆಗ್ತಿಲ್ಲ, ಮನೆಯಲ್ಲಿ ಆಗ್ತದೆ. ಯಾರಾದರೂ ಹೇಳ್ರಿ.

ಅಡ್ಮಿನ್: ಜಗಳ ಸಾಕ್ರೀ. ಪಗಾರದ ವಿಷಯ ಬೇರೆ ದಿನ.

ಮುಧೋಳ ಢೋಲಕ್: ಬೇರೆ ದಿನ ಯಾವತ್ತೂ ಬರೋದಿಲ್ಲ ಅಡ್ಮಿನ್ನರೇ.

ಇಂಡಿ ಹುಡುಗ: ಸರ್, ಹಾಗಾದರೆ 35 ಸಾವಿರಕ್ಕೆ?

ಮಾಸ್ತರ: ಮೇಲೆ.

ತಾಳಿಕೋಟೆ: ಪೆನ್‌ಡ್ರೈವ್?

ಸವದತ್ತಿ ಗಾಯಕಿ: ಅಣ್ಣಾರೇ, ವೈರ್‌ಮನ್ ಬಂದಿದ್ದ. ಬಾಕ್ಸಿನಲ್ಲಿ ಹಸಿರು ವೈರ್ ಇರಲೇ ಇಲ್ಲ. ಆ್ಯಂಪ್‌ನ ಕರೆಂಟ್ ವೈರ್ ಒಳಗೆ ಸಿಪ್ಪೆ ಸುಲಿದು ಬಾಡಿಗೆ ತಾಗಿತ್ತು. ಆ್ಯಂಪ್ ತೆಗೆದಿಟ್ಟೆವು. ರಾಡ್ ಹೂತು ಎರಡು ಕೊಡ ನೀರು ಹಾಕಿದರು. ಕೀಬೋರ್ಡ್ ಈಗ ಡಿಐ ಬಾಕ್ಸ್‌ನಿಂದ (ಕೀಬೋರ್ಡ್ ಸೌಂಡನ್ನು ಮಿಕ್ಸರ್‌ಗೆ ಹೊಂದಿಸುವ ಡಬ್ಬಿ) ನೇರ ಮಿಕ್ಸರ್‌ಗೆ ಹೋಗಿದೆ. ವೈರ್‌ಮನ್ ಮೀಟರ್ ಹಿಡಿದು ನೋಡಿದ ಮೇಲೆ ಮುಟ್ಟಿದೆ, ಶಾಕ್ ಇಲ್ಲ. ಸಣ್ಣಗೆ ಹಮ್ ಇದೆ.

ಮಾಸ್ತರ: ಡಿಐ ಬಾಕ್ಸಿನ ಮೇಲೆ ಲಿಫ್ಟ್ ಅಂತ ಒಂದು ಬಟನ್ ಇದೆ ನೋಡು. ಅದನ್ನು ಒತ್ತಬಹುದು. ಅದು ಸೌಂಡ್ ಕೇಬಲ್ಲಿನ ಅರ್ಥ್ ಮಾತ್ರ ಬಿಡಿಸುತ್ತದೆ, ಕರೆಂಟಿನದ್ದಲ್ಲ.

ಸವದತ್ತಿ ಗಾಯಕಿ: ಒತ್ತಿದೆ. ಹೋಯಿತು.