ಸೇಲ್ಸ್ ಕೆಲಸದವರ ಬಗ್ಗೆ ಒಳ್ಳೆ ಸಿನಿಮಾ ಯಾವುದಿದೆ?

ಸೀರೆ ಕೌಂಟರ್, ತುಮಕೂರು:
ಎಲ್ಲರಿಗೂ ನಮಸ್ಕಾರ. ನಾನು ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಮಾಡುತ್ತೇನೆ. ವರಮಹಾಲಕ್ಷ್ಮಿ ಹಬ್ಬದ ಮುಂಚೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಒಬ್ಬ ಗಿರಾಕಿಗೇ ಅರ್ಧ ಕಪಾಟು ಇಳಿಸಬೇಕು. ಸೆರಗು ಬಿಚ್ಚಿ ಹೆಗಲ ಮೇಲೆ ಹಾಕಿ ತೋರಿಸಬೇಕು. "ಇದೇ ಬಾರ್ಡರ್‌ನಲ್ಲಿ ಬೇರೆ ಕಲರ್ ಇಲ್ವಾ" ಅಂದರೆ ಮತ್ತೆ ಹುಡುಕಬೇಕು. ಕೊನೆಗೆ "ಮನೆಯವರನ್ನ ಕರ್ಕೊಂಡು ಬರ್ತೀವಿ" ಅಂತ ಎದ್ದು ಹೋಗುತ್ತಾರೆ. ಅದಕ್ಕೇನೂ ಬೇಜಾರಿಲ್ಲ, ನೋಡಿ ತಗೊಳ್ಳೋದು ಅವರ ಹಕ್ಕು. ಆದರೆ ಅವರು ಹೋದಮೇಲೆ ಇನ್ನೊಂದು ಕೆಲಸ ಶುರುವಾಗುತ್ತೆ. ಒಂದೊಂದೇ ಸೀರೆಯನ್ನು ಅದರ ಹಳೇ ಮಡಿಕೆಗೇ ತಂದು, ಜರಿ ಮೇಲೆ ಸುಕ್ಕು ಬೀಳದ ಹಾಗೆ ಕವರ್‌ಗೆ ಹಾಕಬೇಕು. ಅಷ್ಟರಲ್ಲಿ ಮುಂದಿನ ಗಿರಾಕಿ ಬಂದಿರುತ್ತಾರೆ. ಈ ಕೆಲಸವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ನಾನು ನೋಡಿದವುಗಳಲ್ಲಿ ಸೇಲ್ಸ್ ಗರ್ಲ್ ಅಂದರೆ ಹೀರೋ ರೇಗಿಸೋಕೆ ಇರುವವಳು, ಅಷ್ಟೇ.

ರಜೆ ದಿನ ಜೊತೆಯವರೆಲ್ಲ ಸೇರಿ ಒಂದು ನೋಡೋಣ ಅಂತಿದ್ದೇವೆ. ಯಾವ ಭಾಷೆ ಆದರೂ ಸರಿ.

ಮಂಡಿಪೇಟೆ:
ಅಕ್ಕಾ, ನೀವು ಕೇಳ್ತಿರೋದು 'ಅಂಗಾಡಿ ತೆರು'. 2010ರ ತಮಿಳು ಸಿನಿಮಾ, ವಸಂತಬಾಲನ್ ನಿರ್ದೇಶನ. ಚೆನ್ನೈ ಟಿ. ನಗರದ ರಂಗನಾಥನ್ ಬೀದಿಯ ದೊಡ್ಡ ಅಂಗಡಿಯ ಕಥೆ. ಚೆನ್ನಾಗಿ ಓದುವ ಹಳ್ಳಿ ಹುಡುಗ, ಅಪ್ಪ ತೀರಿಕೊಂಡಮೇಲೆ ಅಲ್ಲಿ ಕೆಲಸಕ್ಕೆ ಸೇರುತ್ತಾನೆ. ಅಂಜಲಿ ಅದೇ ಅಂಗಡಿಯ ಹುಡುಗಿ. ಸೂಪರ್‌ವೈಸರ್ ಕೈ ಎತ್ತುತ್ತಾನೆ. ರಾತ್ರಿ ಹುಡುಗರೆಲ್ಲ ಒಂದೇ ಹಾಲ್‌ನಲ್ಲಿ ಸಾಲಾಗಿ ಮಲಗುತ್ತಾರೆ. ಕೊನೇಲಿ ಅಳು ಬರುತ್ತೆ, ಈಗಲೇ ಹೇಳಿರ್ತೀನಿ.

ಯಶವಂತಪುರ ಪಾಸ್:
ನಾನು ದಿನಾ ತುಮಕೂರಿಂದ ರೈಲಲ್ಲಿ ಹೋಗಿ ಬೆಂಗಳೂರಲ್ಲಿ ಕಾಲ್ ಸೆಂಟರ್ ಕೆಲಸ ಮಾಡುವವನು. ನನ್ನ ಆಯ್ಕೆ 2022ರ ಕೊರಿಯನ್ ಸಿನಿಮಾ 'ನೆಕ್ಸ್ಟ್ ಸೋಹೀ'. ಹೈಸ್ಕೂಲ್ ಹುಡುಗಿಯನ್ನು ಟ್ರೈನಿಂಗ್ ಅಂತ ಇಂಟರ್ನೆಟ್ ಕಂಪನಿಯ ಕಾಲ್ ಸೆಂಟರ್‌ಗೆ ಕಳಿಸುತ್ತಾರೆ. ಕನೆಕ್ಷನ್ ಬೇಡ ಅಂತ ಫೋನ್ ಮಾಡಿದವರನ್ನು ಬಿಡದೆ ಹಿಡಿದಿಟ್ಟುಕೊಳ್ಳೋದೇ ಅವಳ ಕೆಲಸ. ಆ ಕಡೆಯವರು ಬೈತಾ ಇದ್ದರೂ ದನಿ ಮೆತ್ತಗೇ ಇರಬೇಕು. ಗೋಡೆ ಮೇಲೆ ಯಾರದು ಎಷ್ಟು ಅಂತ ಲೆಕ್ಕ. ಇನ್ಸೆಂಟಿವ್ ಮಾತ್ರ ಕೈಗೆ ಬರಲ್ಲ. ನಡೆದ ಘಟನೆ ಆಧರಿಸಿದ್ದು. ಇದು ಬಂದಮೇಲೆ, 2023ರಲ್ಲಿ, ಅಲ್ಲಿನ ಸಂಸತ್ತು ಹೀಗೆ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳ ರಕ್ಷಣೆಗೆ ಕಾನೂನು ತಿದ್ದಿತು. ಆತ್ಮಹತ್ಯೆಯ ವಿಷಯ ಇದೆ, ಮನಸ್ಸು ಸರಿ ಇಲ್ಲದ ದಿನ ನೋಡಬೇಡಿ.

ಟೌನ್ ಹಾಲ್:
ಮನಸ್ಸು ಹಗುರ ಆಗಬೇಕು ಅಂದ್ರೆ 'ರಾಕೆಟ್ ಸಿಂಗ್' (2009). ಕಂಪ್ಯೂಟರ್ ಮಾರುವ ಹುಡುಗ ಆಫೀಸಿನ ಒಳಗೇ ಗುಟ್ಟಾಗಿ ಸ್ವಂತ ಕಂಪನಿ ಶುರು ಮಾಡ್ತಾನೆ. ರಿಸೆಪ್ಷನಿಸ್ಟು, ಟೀ ತರುವವನು ಎಲ್ಲರೂ ಪಾಲುದಾರರು. ಕನ್ನಡದಲ್ಲೇ ಬೇಕಾದ್ರೆ 'ಲೂಸಿಯಾ' (2013), ಅದರಲ್ಲಿ ನೀನಾಸಂ ಸತೀಶ್ ಥಿಯೇಟರ್‌ನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ.

ಸೀರೆ ಕೌಂಟರ್, ತುಮಕೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಅಂಗಾಡಿ ತೆರು' ಮೊನ್ನೆ ನೋಡಿದೆವು. ನಮ್ಮಲ್ಲಿ ಯಾರೂ ಹೊಡೆಯಲ್ಲ, ಆ ಮಾತು ಹೇಳಲೇಬೇಕು. ಆದರೆ ಕೂರೋಕೆ ಒಂದು ಸ್ಟೂಲ್ ಇಲ್ಲ. ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕು. ಸಿನಿಮಾ ಮುಗಿದಮೇಲೆ ನಾವು ಮಾತಾಡಿದ್ದು ಜಾಸ್ತಿ ಅದನ್ನೇ. ಅಂಗಡಿ ಕೆಲಸದವರಿಗೆ ಕೂರೋ ಹಕ್ಕು ಕೊಟ್ಟು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿವೆ. ಕೇರಳದಲ್ಲಿ ಅದಕ್ಕೆ ಹೋರಾಡಿದ್ದು ಕೋಳಿಕ್ಕೋಡಿನ ಅಂಗಡಿಗಳ ಹೆಂಗಸರೇ. ಹಬ್ಬದ ಸೀಸನ್ ಮುಗಿದಮೇಲೆ ನಾವೆಲ್ಲ ಸೇರಿ ಓನರ್ ಹತ್ತಿರ ಸ್ಟೂಲ್ ಕೇಳ್ತೀವಿ.

'ನೆಕ್ಸ್ಟ್ ಸೋಹೀ' ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ನಮ್ಮಲ್ಲಿ ಕೆಲವರಿಗೆ ಕಷ್ಟ. ಕನ್ನಡ ಸಬ್‌ಟೈಟಲ್ ಎಲ್ಲಾದರೂ ಸಿಗುತ್ತಾ?