ಆ್ಯಪ್ ಸೆಟ್ಟಿಂಗ್ಸ್ ಬಗ್ಗೆ ಕೇಳಿ: ಬಳಕೆದಾರರ ಆಯ್ಕೆ ಉಳಿಸೋದು ಹೇಗೆ?

ಅಡ್ಮಿನ್: ಬ್ಯಾಕೆಂಡ್ (ಆ್ಯಪ್ ಹಿಂದಿನ ಸರ್ವರ್, ಡೇಟಾಬೇಸ್) ಕೆಲಸದಲ್ಲಿ ಪಳಗಿದ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಥೀಮ್, ಭಾಷೆ, ನೋಟಿಫಿಕೇಶನ್, ಇಂಥ ಸೆಟ್ಟಿಂಗ್ಸ್ ಬಗ್ಗೆ ಮಾತ್ರ ಕೇಳಿ.

ಮೈಸೂರಿನ ವಿದ್ಯಾರ್ಥಿನಿ: ಮೇಡಂ, ಫೋನಲ್ಲಿ ಡಾರ್ಕ್ ಮೋಡ್ ಹಾಕಿದರೆ ಲ್ಯಾಪ್‌ಟಾಪಲ್ಲಿ ಬರುತ್ತಿಲ್ಲ. ಆಯ್ಕೆಯನ್ನು ಲೋಕಲ್‌ಸ್ಟೋರೇಜ್‌ನಲ್ಲಿ, ಅಂದರೆ ಬ್ರೌಸರ್‌ನ ಒಳಗಿನ ಜಾಗದಲ್ಲಿ ಇಟ್ಟಿದ್ದೇನೆ.

ಮೇಡಂ: ಅದು ಆ ಬ್ರೌಸರ್ ಬಿಟ್ಟು ಆಚೆ ಹೋಗಲ್ಲಮ್ಮ. ಲಾಗಿನ್ ಇದ್ದರೆ ಸರ್ವರ್‌ನಲ್ಲಿ ಇಡಿ.

ಹುಬ್ಬಳ್ಳಿಯ ಡೆವಲಪರ್: ಸಣ್ಣ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಮಾಡಿದ್ದೇವೆ. ಮೊನ್ನೆ ಅಪ್‌ಡೇಟ್‌ನಲ್ಲಿ ಎರಡು ಮೆಸೇಜ್ ಸೆಟ್ಟಿಂಗ್ ಸೇರಿಸಿ ಡೇಟಾಬೇಸ್‌ನಲ್ಲಿ ಒಂದೇ ಕಾಲಂ ಮಾಡಿದೆವು, ಡಿಫಾಲ್ಟ್ (ಯಾರೂ ಆರಿಸದಿದ್ದಾಗ ಇರುವುದು) ಟ್ರೂ, ಅಂದರೆ ಆನ್. ಈಗ ಎಲ್ಲರದ್ದೂ ಟ್ರೂ ಆಗಿದೆ. ‘ಮನೆ ನಂಬರಿಗೆ ಮೆಸೇಜ್ ಬೇಡ’ ಅಂದಿದ್ದವರೊಬ್ಬರ ಲ್ಯಾಬ್ ರಿಪೋರ್ಟ್ ಮನೆಯವರ ಫೋನಿಗೆ ಹೋಗಿದೆ. ಎಲ್ಲವನ್ನೂ ಫಾಲ್ಸ್ (ಆಫ್) ಮಾಡಿಬಿಡಲಾ?

ಮೇಡಂ: ಮೊದಲು ತಾನಾಗಿ ಮೆಸೇಜ್ ಕಳಿಸುವ ಪ್ರೋಗ್ರಾಂ (ಜಾಬ್) ನಿಲ್ಲಿಸಿ, ಮಿಕ್ಕಿದ್ದು ಆಮೇಲೆ ಓದಿ. ಹೋಗಲು ಕ್ಯೂನಲ್ಲಿ ಕಾದಿರುವ ಮೆಸೇಜ್‌ಗಳನ್ನೂ ತಡೆಯಿರಿ.

ಸಾರಾಸಗಟಾಗಿ ಫಾಲ್ಸ್ ಮಾಡಬೇಡಿ. ಅಪ್‌ಡೇಟ್ ಆದ ಮೇಲೆ ಕೆಲವರು ತಾವೇ ಆನ್ ಮಾಡಿಕೊಂಡಿರಬಹುದು, ಅದೂ ಅಳಿಸಿಹೋಗುತ್ತದೆ. ಅಪ್‌ಡೇಟ್‌ಗೆ ಮುಂಚಿನ ಬ್ಯಾಕಪ್ ತೆಗೆದು ಬೇರೆ ಡೇಟಾಬೇಸ್‌ಗೆ ರಿಸ್ಟೋರ್ ಮಾಡಿ. ಈಗ ಓಡುತ್ತಿರುವ (ಲೈವ್) ಡೇಟಾಬೇಸ್ ಮೇಲೆ ಅಲ್ಲ! ಅಲ್ಲಿ ಫಾಲ್ಸ್ ಇದ್ದವರ ಪಟ್ಟಿ ತೆಗೆಯಿರಿ. ಆಮೇಲೆ ತಾವಾಗಿ ಬದಲಿಸಿದವರನ್ನು ಬಿಟ್ಟು ಉಳಿದವರಿಗೆ ಹಳೆ ಆಯ್ಕೆ ವಾಪಸ್ ಹಾಕಿ. ಅನುಮಾನ ಇದ್ದರೆ ಆಫ್. ತಪ್ಪಿದ ರಿಮೈಂಡರ್ ಮತ್ತೆ ಕಳಿಸಬಹುದು, ಹೋದ ರಿಪೋರ್ಟ್ ವಾಪಸ್ ಬರಲ್ಲ.

ನನಗೆ ಜಾಸ್ತಿ ಚಿಂತೆ ಇರೋದು ನಿಮ್ಮ ಟೇಬಲ್ ಬಗ್ಗೆ. ಅಲ್ಲಿರುವ ಟ್ರೂ ಆ ರೋಗಿ ಒತ್ತಿದ್ದಾ, ನೀವು ತುಂಬಿದ್ದಾ? ನೋಡಿದರೆ ಗೊತ್ತಾಗಲ್ಲ. ಡಿಫಾಲ್ಟ್ ಕೋಡ್‌ನಲ್ಲೇ ಇರಲಿ. ಜನ ತಾವಾಗಿ ಆರಿಸಿದ್ದು ಮಾತ್ರ ಟೇಬಲ್‌ಗೆ ಬರಲಿ, ಆರಿಸದವರಿಗೆ ನಲ್, ಅಂದರೆ ಖಾಲಿ. ಯಾವಾಗ, ಯಾವ ಸ್ಕ್ರೀನಿನಿಂದ ಬದಲಾಯಿತು ಅನ್ನೋದನ್ನೂ ಬರೆದಿಡಿ. ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲು ಬಿಡಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಹೇಳುತ್ತದೆ. ಜನ ‘ಬೇಡ’ ಅಂದದ್ದನ್ನು ನಿಮ್ಮ ಮೈಗ್ರೇಶನ್ (ಡೇಟಾಬೇಸ್ ಬದಲಾವಣೆ) ಅಳಿಸಿದರೆ ಆ ಬಟನ್ ಇದ್ದು ಏನು ಬಂತು?

ಆ ರೋಗಿಗೆ ಇವತ್ತೇ ವಿಷಯ ತಿಳಿಸಬೇಕು. ಅವರ ಸ್ವಂತ ನಂಬರಿಗೆ.

ದಾವಣಗೆರೆಯ ಸದಸ್ಯ: ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ: ‘ಸೆಟ್ಟಿಂಗ್ಸ್ ಕೈಕೊಟ್ಟರೆ ಕ್ಲಿಯರ್ ಡೇಟಾ ಒತ್ತಿ, ನೂರಕ್ಕೆ ನೂರು ಸರಿಹೋಗುತ್ತದೆ.’

ಮೇಡಂ: ದಯವಿಟ್ಟು ಇದನ್ನು ಹಂಚಬೇಡಿ. ಆಂಡ್ರಾಯ್ಡ್‌ನಲ್ಲಿ ಕ್ಲಿಯರ್ ಡೇಟಾ ಒತ್ತಿದರೆ ಸೆಟ್ಟಿಂಗ್ಸ್ ಜೊತೆಗೆ ಆ್ಯಪ್‌ನ ಒಳಗಿನ ಡೇಟಾಬೇಸೂ ಹೋಗುತ್ತದೆ. ನೆಟ್‌ವರ್ಕ್ ಇಲ್ಲದ ಊರಲ್ಲಿ ದಿನವಿಡೀ ತುಂಬಿ, ಇನ್ನೂ ಸಿಂಕ್ ಆಗದ ಎಂಟ್ರಿಗಳು ಅದರಲ್ಲೇ ಇರುತ್ತವೆ. ತಾತ್ಕಾಲಿಕ ಫೈಲ್‌ಗಳನ್ನಷ್ಟೇ ಅಳಿಸುವ ಕ್ಲಿಯರ್ ಕ್ಯಾಶೆ ಬೇರೆ, ಇದು ಬೇರೆ.

ದಾವಣಗೆರೆಯ ಸದಸ್ಯ: ನಮಗೆ ಯಾವತ್ತೂ ಏನೂ ಆಗಿಲ್ಲ.

ಮೇಡಂ: ಆದವರನ್ನು ನಾನು ನೋಡಿದ್ದೇನೆ.

ತುಮಕೂರಿನ ಸದಸ್ಯ: ಸೆಟ್ಟಿಂಗ್ಸ್ ಎಲ್ಲ ಒಂದೇ ಜೇಸನ್ (JSON, ಹಲವು ಮಾಹಿತಿ ಒಟ್ಟಿಗೆ ಬರೆದಿಡುವ ರೂಪ) ಕಾಲಂನಲ್ಲಿ ಇಡೋದಾ, ಒಂದೊಂದಕ್ಕೂ ಬೇರೆ ಸಾಲಾ?

ಬೆಂಗಳೂರಿನ ಸದಸ್ಯ 1: ಅದಿರಲಿ. ಕರ್ನಾಟಕದಲ್ಲಿ ತೆರೆದರೆ ಆ್ಯಪ್ ಕನ್ನಡದಲ್ಲೇ ಬರಬೇಕು. ಅದೇ ಡಿಫಾಲ್ಟ್ ಆಗಲಿ.

ಬೆಂಗಳೂರಿನ ಸದಸ್ಯೆ 2: ಐಪಿ (ಇಂಟರ್ನೆಟ್ ವಿಳಾಸ) ನೋಡಿ, ಊರು ಊಹಿಸಿ ಭಾಷೆ ಹಾಕ್ತೀರಾ? ಮುಂಬೈಗೆ ಹೋದ ಕನ್ನಡಿಗರಿಗೆ ಮರಾಠಿ ತೋರಿಸ್ತೀರಾ? ಫೋನಿನ ಭಾಷೆ ನೋಡಿ ಸಾಕು.

ಬೆಂಗಳೂರಿನ ಸದಸ್ಯ 1: ಅಂಗಡಿಯವನು ಇಂಗ್ಲಿಷ್ ಹಾಕಿ ಕೊಟ್ಟ ಫೋನನ್ನು ನಮ್ಮಮ್ಮ ಹಾಗೇ ಬಳಸ್ತಾರೆ. ಅದು ಅವರ ಆಯ್ಕೆನಾ?

ಬೆಂಗಳೂರಿನ ಸದಸ್ಯೆ 2: ಹಾಗಂತ ಎಲ್ಲರ ಮೇಲೂ ಹೇರಬೇಡಿ.

ಬೆಂಗಳೂರಿನ ಸದಸ್ಯ 1: ಕನ್ನಡ ತೋರಿಸೋದು ಹೇರಿಕೆನಾ? ಮಾತು ನೋಡ್ಕೊಂಡು ಆಡಿ.

ಮೇಡಂ: ಇಬ್ಬರೂ ಸಾಕು ಮಾಡಿ. ಅಮ್ಮನ ಉದಾಹರಣೆ ಸರಿಯಾಗಿದೆ, ಫೋನಿನ ಭಾಷೆ ಬರೀ ಸುಳಿವು ಅಷ್ಟೇ. ಮೊದಲ ಸ್ಕ್ರೀನಿನಲ್ಲೇ ಕೇಳಿ. ಪಟ್ಟಿಯಲ್ಲಿ ‘ಕನ್ನಡ’ ಅಂತ ಕನ್ನಡ ಲಿಪಿಯಲ್ಲೇ ಇರಲಿ, ಇಂಗ್ಲಿಷ್ ಓದಲು ಬಾರದವರಿಗೂ ಸಿಗುತ್ತದೆ. ಒಮ್ಮೆ ಆರಿಸಿದ್ದನ್ನು ಯಾವ ಅಪ್‌ಡೇಟೂ ಮುಟ್ಟಬಾರದು. ಆಂಡ್ರಾಯ್ಡ್ 13ರಿಂದ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಒಂದೊಂದು ಆ್ಯಪ್‌ಗೂ ಬೇರೆ ಭಾಷೆ ಇಡಬಹುದು, ನಿಮ್ಮ ಆ್ಯಪ್ ಅದನ್ನೂ ಪಾಲಿಸಲಿ.

ಬೆಳಗಾವಿಯ ಸದಸ್ಯ: ಡಾರ್ಕ್ ಮೋಡ್ ಬೇರೆ ಕಂಪ್ಯೂಟರ್‌ನಲ್ಲಿ ಬರ್ತಿಲ್ಲ ಮೇಡಂ.

ಮೇಡಂ: ಮೇಲೆ ಓದಿ.

ಬೆಳಗಾವಿಯ ಸದಸ್ಯ: ಕೇಳಿದ್ದಕ್ಕೆ ನೆಟ್ಟಗೆ ಹೇಳಬಹುದಲ್ವಾ?

ತುಮಕೂರಿನ ಸದಸ್ಯ: ನನ್ನ ಜೇಸನ್ ಪ್ರಶ್ನೆ?

ಹುಬ್ಬಳ್ಳಿಯ ಡೆವಲಪರ್: ಬ್ಯಾಕಪ್ ಸಿಕ್ಕಿತು ಮೇಡಂ. ಆದರೆ ನಾಳೆ ಅಪಾಯಿಂಟ್‌ಮೆಂಟ್ ಇದೆ, ಮೆಸೇಜ್ ನಿಲ್ಲಿಸಬೇಡಿ ಅಂತ ಕ್ಲಿನಿಕ್‌ನವರು ಪಟ್ಟು ಹಿಡಿದಿದ್ದಾರೆ.

ಮೇಡಂ: ನಿಲ್ಲಿಸಿ. ನಾಳೆಯ ಪಟ್ಟಿ ಪ್ರಿಂಟ್ ತೆಗೆದು ರಿಸೆಪ್ಶನ್‌ಗೆ ಕೊಡಿ, ಅವರು ಫೋನ್ ಮಾಡಿ ಹೇಳಲಿ. ‘ಬೇಡ’ ಅಂದಿದ್ದ ನಂಬರುಗಳನ್ನು ಹಳೆ ಬ್ಯಾಕಪ್ ನೋಡಿ ತೆಗೆದ ಮೇಲೆಯೇ ಪ್ರಿಂಟ್ ಕೊಡಿ.