ಬೇಲೂರಿನ ಚಿತ್ರಕ್ಕೆ ಯಾರ ಹೆಸರು ಹಾಕಬೇಕು?

ಪ್ರಶ್ನೆ (ಹಾಸನ): ನಮ್ಮ ಸಂಘದ ಸ್ಮರಣ ಸಂಚಿಕೆಗೆ ಬೇಲೂರಿನ ಮದನಿಕೆಯೊಂದರ ಚಿತ್ರವನ್ನು, ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಜಾಲತಾಣವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಂಡಿದ್ದೇವೆ. ‘ಕೃಪೆ: ಅಂತರ್ಜಾಲ’ ಎಂದು ಅಚ್ಚು ಹಾಕಿದರೆ ಸಾಲದೇ?

ಉತ್ತರ (ಅರಸೀಕೆರೆ): ಸಾಲದು, ಅಂತರ್ಜಾಲವೇನೂ ಕ್ಯಾಮೆರಾ ಹಿಡಿದು ನಿಂತಿರಲಿಲ್ಲವಲ್ಲ! ಚಿತ್ರವು ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಬಿವೈ-ಎಸ್‌ಎ’ ಪರವಾನಗಿಯಲ್ಲಿದ್ದರೆ (ಅಂದರೆ, ಕರ್ತೃವಿನ ಹೆಸರು ಹಾಕಿ ಬಳಸಬಹುದು, ಬದಲಿಸಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಬೇಕು ಎನ್ನುವ ಪರವಾನಗಿ) ಛಾಯಾಗ್ರಾಹಕರ ಹೆಸರು, ಮೂಲದ ಕೊಂಡಿ ಮತ್ತು ಪರವಾನಗಿಯ ಹೆಸರನ್ನು ಕೊಡಬೇಕು. ಚಿತ್ರವನ್ನು ಕತ್ತರಿಸಿದ್ದರೆ ಅದನ್ನೂ ತಿಳಿಸಬೇಕು.

ಪ್ರಶ್ನೆ ಕೇಳಿದವರು: ಹಾಗಾದರೆ ಹೆಸರು ಹಾಕಿ ಯಾವ ಚಿತ್ರವನ್ನಾದರೂ ಬಳಸಬಹುದೇ?

ಉತ್ತರ (ಚಿಕ್ಕಮಗಳೂರು): ಇಲ್ಲ. ಅನುಮತಿ ಬೇರೆ, ಹೆಸರು ಬೇರೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 57ನೆಯ ಸೆಕ್ಷನ್ ಪ್ರಕಾರ, ಕೃತಿಸ್ವಾಮ್ಯವನ್ನು ಪೂರ್ತಿಯಾಗಿ ಬೇರೆಯವರಿಗೆ ವಹಿಸಿಕೊಟ್ಟ ಮೇಲೂ ಅದು ತನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿದಿರುತ್ತದೆ.

ಉತ್ತರ (ಬೇಲೂರು): ಬಳ್ಳಿಗಾವೆಯ ದಾಸೋಜ, ಚಾವಣರಂಥವರು ಇಲ್ಲಿ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ನಿಮ್ಮ ಮದನಿಕೆಗೆ ಅಂಥ ಸಹಿಯಿದ್ದರೆ ಅಡಿಬರಹದಲ್ಲಿ ಶಿಲ್ಪಿಯನ್ನೂ ಹೆಸರಿಸಿ.